ಒಡೆದ ನಕ್ಷತ್ರ, ಮುಳ್ಳು ಹಾಕಿದ ಬಾಗಿಲು

ನನ್ನ ಮೊಮ್ಮಗಳು ಸತ್ತ ನಕ್ಷತ್ರಗಳ ಮೇಲೆ ಓದುತ್ತಾಳೆ. ಸತ್ತವು ಅಂದರೆ ಸುಮ್ಮನೆ ಆರಿಹೋದವಲ್ಲ, ಒಡೆದು ಚೂರಾದವು. ಆ ಚೂರುಗಳು ಸಾವಿರಾರು ವರ್ಷ ಬಿಸಿಯಾಗಿಯೇ ಇದ್ದು ಆಕಾಶದಲ್ಲಿ ಹರಡುತ್ತಾ ಹೋಗುತ್ತವಂತೆ. ಆ ಬಿಸಿ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಇಷ್ಟನ್ನು ನಾನು ತಿಳಿದುಕೊಂಡದ್ದು ನಂಜನಗೂಡಿನ ನನ್ನ ಮನೆಯ ನಡುಮನೆಯಲ್ಲಿ, ಅವರೆಕಾಯಿ ಸುಲಿಯುತ್ತಾ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ನಡೆದದ್ದರಲ್ಲಿ ತಪ್ಪಿಲ್ಲ.

ಆ ಮನೆ ಈಗ ಇಲ್ಲ. ಅದು ಹೇಗೆ ಹೋಯಿತು ಅನ್ನುವುದನ್ನೇ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಊರ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆ ಕಟ್ಟುವಾಗ ಇಟ್ಟಿಗೆ ಹೊತ್ತವಳು ನಾನು, ಪಾಯದ ಕಲ್ಲು ಜೋಡಿಸಿದವರು ಅವರು. ಹೆಂಚಿನ ಮನೆ, ಎರಡು ಕೋಣೆ, ಒಂದು ಅಟ್ಟ, ಮುಂದೆ ಬೇವಿನ ಮರ. ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆದರೆ ಯಾವ ಗೋಡೆಯಲ್ಲಿ ಮೊಳೆ ಇಳಿಯುತ್ತದೆ, ಯಾವುದರಲ್ಲಿ ಇಳಿಯುವುದಿಲ್ಲ ಅಂತ ಕತ್ತಲೆಯಲ್ಲೂ ಹೇಳುತ್ತಿದ್ದೆ.

ಮೊಮ್ಮಗಳು ಚಿಕ್ಕಂದಿನಲ್ಲಿ ಬೆಳೆದದ್ದು ನನ್ನ ಹತ್ತಿರವೇ. ಅವಳ ಅಪ್ಪ, ಅಂದರೆ ನನ್ನ ಒಬ್ಬನೇ ಮಗ, ಮೈಸೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಗಂಡ ಹೆಂಡತಿ ಇಬ್ಬರೂ ಅಂಗಡಿಯಲ್ಲಿ ನಿಂತರೆ ಮಗುವನ್ನು ನೋಡುವವರು ಯಾರು ಅಂತ ನನ್ನ ಹತ್ತಿರ ಬಿಟ್ಟರು. ಆಮೇಲೆ ಅವಳು ಓದಿ ಓದಿ ಬೆಂಗಳೂರಿನ ಒಂದು ಸಂಸ್ಥೆಗೆ ಸೇರಿದಳು. ಕೊನೆಯ ವರ್ಷ ಎಲ್ಲವನ್ನೂ ಬರೆದು ಒಪ್ಪಿಸಬೇಕಿತ್ತು. "ಕಂಪ್ಯೂಟರ್ ಇದ್ರೆ ಸಾಕು ಅಜ್ಜಿ, ಎಲ್ಲಿ ಕೂತಾದ್ರೂ ಬರೀಬಹುದು" ಅಂತ ಗಂಟು ಮೂಟೆ ಕಟ್ಟಿಕೊಂಡು ನನ್ನ ಮನೆಗೆ ಬಂದಳು.

ಮೊದಲ ಸಲ ಆ ಚಿತ್ರ ನೋಡಿದಾಗ ಕೇಳಿದೆ, "ಇದೇನೇ ಇದು, ಒಡ್ದೋಗಿರೋ ಬಳೆ ಇದ್ದಂಗದೆ?"

"ನಕ್ಷತ್ರ ಅಜ್ಜಿ. ಒಡೆದ ಮೇಲೆ ಉಳಿದಿರೋದು."

"ಈ ಕೆಂಪು ನೀಲಿ ಎಲ್ಲಾ ಅಲ್ಲೇ ಅದಾ?"

"ಇಲ್ಲ, ಬಣ್ಣ ನಾವು ಹಾಕೋದು. ಕಡಿಮೆ ಶಕ್ತಿ ಇರೋ ಕಡೆ ಕೆಂಪು, ಜಾಸ್ತಿ ಇರೋ ಕಡೆ ನೀಲಿ."

"ಅಂಗಾರೆ ಸುಳ್ಳು ಬಣ್ಣ ಅನ್ನು."

"ಸುಳ್ಳಲ್ಲ. ಇಂಥದ್ದಕ್ಕೆ ಇಂಥ ಬಣ್ಣ ಹಾಕಿದೀವಿ ಅಂತ ಕೆಳಗೆ ಬರೆದುಬಿಡ್ತೀವಿ. ಹೇಳದೆ ಹಾಕಿದ್ರೆ ಸುಳ್ಳು."

ಆ ಮಾತು ನನಗೆ ಹಿಡಿಸಿತು. ಹಾಗೇ ನೆನಪಿಟ್ಟುಕೊಂಡೆ.

ಆ ಎಕ್ಸ್‌ರೇ ನಮ್ಮ ಗಾಳಿಯನ್ನು ದಾಟಿ ಕೆಳಗೆ ಬರುವುದಿಲ್ಲವಂತೆ. ಅದಕ್ಕೇ ದುರ್ಬೀನನ್ನು ಉಪಗ್ರಹದಲ್ಲಿಟ್ಟು ಮೇಲಕ್ಕೆ ಕಳಿಸಿದ್ದಾರೆ. ಅದರೊಳಕ್ಕೆ ಬೆಳಕು ಬೀಳುವುದೂ ಧಾರೆಯಾಗಿ ಅಲ್ಲ, ಕಾಳು ಕಾಳಾಗಿ. ಯಾವ ಕಾಳು ಯಾವಾಗ ಬಿತ್ತು, ಎಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು ಎಲ್ಲವೂ ಅವಳಿಗೆ ಗೊತ್ತಾಗುತ್ತದೆ. ನಕ್ಷತ್ರವೇ ಇಲ್ಲದ ಬರೀ ಆಕಾಶದಿಂದಲೂ ಒಂದಷ್ಟು ಕಾಳು ಬೀಳುತ್ತವೆ, ಅವನ್ನು ತೆಗೆಯಬೇಕು. ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ ತಾನೇ ಅಂದೆ. "ಹೂಂ, ಆದ್ರೆ ಇಲ್ಲಿ ಕಲ್ಲು ಯಾವುದು ರಾಗಿ ಯಾವುದು ಅಂತ ಒಂದೊಂದನ್ನೇ ನೋಡಿ ಹೇಳೋಕಾಗಲ್ಲ ಅಜ್ಜಿ. ಪಕ್ಕದಲ್ಲಿ ಬರೀ ಕಲ್ಲಿರೋ ಮೊರ ನೋಡಿ, ಇದ್ರಲ್ಲೂ ಇಷ್ಟಿರುತ್ತೆ ಅಂತ ಒಟ್ಟಿಗೆ ಕಳೀಬೇಕು" ಅಂದಳು.

ಕಾಳಿನ ಜೋರು ನೋಡಿ ಅದು ಯಾವುದರಿಂದ ಬಂತು ಅಂತಲೂ ಹೇಳುತ್ತಾರಂತೆ. ಇದು ಗಂಧಕದಿಂದ ಬಂದದ್ದು, ಇದು ಕಬ್ಬಿಣದಿಂದ ಬಂದದ್ದು ಅಂತ. ಕಬ್ಬಿಣ ನಕ್ಷತ್ರದ ಹೊಟ್ಟೆಯೊಳಗೆ ಇರಬೇಕಾದದ್ದು. ಅವಳ ನಕ್ಷತ್ರದಲ್ಲಿ ಒಂದು ಕಡೆ ಕಬ್ಬಿಣ ಎಲ್ಲದಕ್ಕಿಂತ ಹೊರಗೆ ಬಂದು ನಿಂತಿತ್ತು. ಅದು ಹೇಗೆ ಬಂತು ಅನ್ನುವುದೇ ಅವಳ ಅಷ್ಟು ವರ್ಷದ ಕೆಲಸ. ಆ ನಕ್ಷತ್ರ ಯಾವಾಗ ಒಡೆಯಿತು ಅಂತ ಹೇಗೆ ಗೊತ್ತು ಅಂದೆ. ಹಳೆಯ ಒಂದು ಚಿತ್ರ, ಹೊಸ ಒಂದು ಚಿತ್ರ ಪಕ್ಕಪಕ್ಕ ಇಟ್ಟಳು. ಅಂಚು ಒಂದಿಷ್ಟು ಸರಿದಿತ್ತು.

"ಇಷ್ಟು ವರ್ಷಕ್ಕೆ ಇಷ್ಟು ಸರಿದಿದೆ ಅಂದ್ರೆ, ಹಿಂದಕ್ಕೆ ಲೆಕ್ಕ ಹಾಕಿದ್ರೆ ಆಯ್ತು. ಒಡೆದಾಗ ಯಾರೂ ನೋಡಿಲ್ದಿದ್ರೂ ಉಳಿದಿರೋ ರಾಶಿನೇ ಹೇಳುತ್ತೆ ಅಜ್ಜಿ, ಯಾವಾಗ ಒಡೆದಿದ್ದು ಅಂತ."

ನಮ್ಮ ಯಜಮಾನರಿಗೆ ಆಗಲೇ ಎದೆ ಕೆಟ್ಟಿತ್ತು. ಆಸ್ಪತ್ರೆಯ ಫಿಲ್ಮನ್ನು ಕಿಟಕಿಗೆ ಹಿಡಿದು, "ನೀನೂ ಎಕ್ಸ್‌ರೇನೇ ತಾನೇ ನೋಡೋದು? ನಂದೂ ಒಂಚೂರು ನೋಡವ್ವ, ಒಳಗೆ ನಕ್ಷತ್ರ ಗಿಕ್ಷತ್ರ ಒಡ್ದದಾ ಅಂತ" ಅನ್ನುತ್ತಿದ್ದರು.

"ಅದು ಬೇರೆ ತಾತ. ಆಸ್ಪತ್ರೇಲಿ ನಾವು ಬಿಡ್ತೀವಿ, ನಿನ್ನ ನೆರಳು ಬೀಳುತ್ತೆ. ನಕ್ಷತ್ರದಲ್ಲಿ ಅದೇ ಬಿಡುತ್ತೆ, ನಾವು ಹಿಡ್ಕೋತೀವಿ."

"ಅಂದ್ರೆ ನಾನು ಬರೀ ನೆರಳು ಅನ್ನು" ಅಂತ ನಕ್ಕು ಕೆಮ್ಮುತ್ತಿದ್ದರು.

ಮಗನಿಗೆ ಆ ಜಾಗದ ಮೇಲೆ ಬಹಳ ದಿನದಿಂದ ಕಣ್ಣು. ತಾಂಡ್ಯದ ಕೆಲಸಕ್ಕೆ ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ, ಬಾಡಿಗೆಗೆ ರೂಮು ಸಿಗುವುದಿಲ್ಲ. ಹೆಂಚಿನ ಮನೆ ಕೆಡವಿ ಮೂರು ಅಂತಸ್ತು ಎತ್ತಬೇಕು ಅಂತ ಬಂದಾಗಲೆಲ್ಲ ಅದೇ ಮಾತು. ನಾನೂ ಬಂದಾಗಲೆಲ್ಲ ಅದೇ ಉತ್ತರ ಕೊಡುತ್ತಿದ್ದೆ, "ನಾನು ಸತ್ತ ಮ್ಯಾಲೆ ಕೆಡುವ್ಕೊ. ನಾನು ಬದ್ಕಿರೋಗಂಟ ಒಂದು ಎಂಚೂ ಮುಟ್ಟಂಗಿಲ್ಲ." ಮೊಮ್ಮಗಳು ನನ್ನ ಕಡೆ. "ಅಜ್ಜಿ ಮನೆ ಮುಟ್ಟಿದ್ರೆ ನೋಡಪ್ಪ" ಅಂತ ಅವನಿಗೆ ಬೆರಳು ತೋರಿಸಿ ಹೇಳಿದ್ದಾಳೆ, ನನ್ನ ಎದುರಿಗೇ.

ಅವಳಿಗೂ ಅವಳ ಅಪ್ಪನಿಗೂ ಬೇರೆ ಒಂದು ಜಗಳ ಇತ್ತು. ಮುಂದಿನ ಕೆಲಸಕ್ಕೆ ಪುಣೆಗೆ ಹೋಗಬೇಕು, ಎರಡು ವರ್ಷ, ಅನ್ನುವುದು ಇವಳದು. ಮೊದಲು ಮದುವೆ, ಆಮೇಲೆ ಯಾವ ಆಕಾಶಕ್ಕಾದರೂ ಹೋಗು ಅನ್ನುವುದು ಅವನದು. ಗಂಡಿನ ಕಡೆಯವರು ಜಾತಕ ಕೇಳಿದರು ಅಂದಾಗ ಬಿದ್ದೂ ಬಿದ್ದೂ ನಕ್ಕಿದ್ದಳು. ನಗಬೇಡವೇ ಅಂದರೂ ಕೇಳಲಿಲ್ಲ.

ಮುಂಗಾರು ಹಿಡಿಯುವ ಮುಂಚೆ ಯಜಮಾನರು ಹೋದರು. ಮನೆಯಲ್ಲೇ, ಹಗಲು, ಕಾಫಿ ಲೋಟ ಕೈಯಲ್ಲಿದ್ದ ಹಾಗೇ. ಆ ವಿಷಯ ಇಲ್ಲಿ ಬರೆಯುವುದಿಲ್ಲ. ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮುಗಿಸಿ ಬೇವಿನ ಮರದ ಕೆಳಗೆ ಕೂತಿದ್ದಾಗ ಮಗ ಬಂದು ನಿಂತ.

"ಅವ್ವ, ಅಪ್ಪ ಓಗಿರೋದು ಧನಿಷ್ಠದಲ್ಲಿ."

"ಯಾರ್ಲಾ ಯೋಳ್ದೋರು?"

"ಪಂಚಾಂಗ ನೋಡುಸ್ದೆ ಕನವ್ವ. ಒಳ್ಳೆ ನಕ್ಷತ್ರ ಅಲ್ವಂತೆ. ಆರ್ ತಿಂಗ್ಳು ಮನೆ ಬಿಡ್ಬೇಕಂತೆ."

ನಮ್ಮ ಕಡೆ ಈ ಪದ್ಧತಿ ಇದೆ. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಜೀವ ಹೋದರೆ ಮನೆಯವರೆಲ್ಲ ಹೊರಗೆ ಬಂದು, ಬಾಗಿಲಿಗೆ ಬೀಗ ಹಾಕಿ, ಬೀಗದ ಮೇಲೆ ಜಾಲಿಮುಳ್ಳು ಇಡುತ್ತಾರೆ. ಅವಧಿ ತುಂಬುವ ತನಕ ಮನೆಯವರಾಗಲಿ ನೆಂಟರಾಗಲಿ ಆ ಬಾಗಿಲನ್ನು ನೋಡಬಾರದು, ಆ ಬೀದಿಯಲ್ಲಿ ಹಾಯಬಾರದು.

"ಸಾಯೋರು ಪಂಚಾಂಗ ನೋಡ್ಕಂಡ್ ಸಾಯ್ತಾರಾ?" ಅಂದೆ. "ಆಸ್ಪತ್ರೇಲಿ ದಿನಾ ಸಾಯ್ತಾರೆ. ಅದ್ಕ್ ಯಾರಾರ ಮುಳ್ ಆಕವ್ರಾ?"

ನನ್ನ ನಾದಿನಿ ಬಾಯಿ ಹಾಕಿದಳು, "ಅತ್ಗೆ, ನಿಂಗೇನೋ ಗಟ್ಟಿ ಗುಂಡ್ಗೆ ಅದೆ. ಉಳ್ದೋರ್ಗೆ ಏನಾರ ಆದ್ರೆ? ಮನೇಲಿ ಮದ್ವೆ ಆಗೋ ಎಣ್ಮಗು ಬ್ಯಾರೆ ಅದೆ."

"ಆಗೋದಿದ್ರೆ ನಂಗೇ ಆಗ್ಲಿ. ನಾನು ಎಲ್ಲೂ ಓಗಕ್ಕಿಲ್ಲ."

ಮಗ ಸುಮ್ಮನಾದ. ಅಷ್ಟು ಬೇಗ ಸುಮ್ಮನಾಗುವವನಲ್ಲ, ಆದರೂ ಆವತ್ತು ಅದು ನನಗೆ ಹೊಳೆಯಲಿಲ್ಲ.

ಹೀಗೆ ಹೇಳಿದೆನಾದರೂ ಒಳಗೆ ಒಂದು ಅಳುಕು ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಮೊಮ್ಮಗಳು ತಾತನ ಹೊದಿಕೆ ಹಿಂಡುತ್ತಿದ್ದಳು. ಅಲ್ಲಿಗೆ ಹೋದೆ.

"ಕೂಸೇ, ನೀನು ಆಕಾಶ ನೋಡೋಳು. ಇವ್ರ ಮಾತು ನಂಗ್ ಬ್ಯಾಡ. ಆ ನಕ್ಷತ್ರದಲ್ಲಿ ಏನಾರ ಅದಾ? ನೀನು ಅದೆ ಅಂದ್ರೆ ಓಯ್ತೀನಿ. ಇಲ್ಲ ಅಂದ್ರೆ ಯಾರ್ ಬಂದ್ ಕುಣುದ್ರೂ ಈ ಒಸ್ಲು ದಾಟಕ್ಕಿಲ್ಲ."

ಅವಳು ಹೊದಿಕೆಯನ್ನು ಹಿಂಡುತ್ತಲೇ ಇದ್ದಳು. ಅದರಲ್ಲಿ ನೀರು ಉಳಿದಿರಲಿಲ್ಲ.

"ಇರಬಹುದು ಅಜ್ಜಿ" ಅಂದಳು. "ನಮಗೆ ಗೊತ್ತಿರೋದು ಸ್ವಲ್ಪ. ದೊಡ್ಡೋರು ಸುಮ್ನೆ ಹೇಳಿರಲ್ಲ. ಆರು ತಿಂಗಳು ತಾನೇ, ಹೋಗಿ ಬಾ."

ಜಾತಕಕ್ಕೆ ನಕ್ಕವಳು ಹೀಗಂದಳಲ್ಲ ಅಂತ ಒಂದು ಗಳಿಗೆ ಅನ್ನಿಸಿತು. ತಾತನ ಸಾವು ಕಂಡು ಮನಸ್ಸು ಬದಲಾಗಿದೆ ಅಂದುಕೊಂಡೆ. ಮಠದ ಐನೋರು ಹೇಳಿದ್ದರೂ ನಾನು ಹೋಗುತ್ತಿರಲಿಲ್ಲ. ಮಗ ಹೇಳಿದ್ದಕ್ಕೆ ಹೋಗಲಿಲ್ಲ. ದುರ್ಬೀನಿನಲ್ಲಿ ನೋಡುವವಳು ಹೇಳಿದಳು ಅಂತ ಹೋದೆ.

ಎರಡು ಸೀರೆ ಗಂಟು, ಒಂದಷ್ಟು ಪಾತ್ರೆ ಎತ್ತಿಕೊಂಡೆ. ಹೇಗೂ ವಾಪಸು ಬರುತ್ತೇನಲ್ಲ ಅಂತ ಮಿಕ್ಕದ್ದನ್ನೆಲ್ಲ ಇದ್ದಲ್ಲೇ ಬಿಟ್ಟೆ. ಅಟ್ಟದ ಮೇಲೆ ಮಡಕೆಯಲ್ಲಿ ಬೂದಿ ಬೆರೆಸಿ ಸಿಹಿಗುಂಬಳದ ಬೀಜ ಇಟ್ಟಿದ್ದೆ. ನನ್ನ ಅವ್ವನ ಮನೆಯಿಂದ ತಂದ ತಳಿ, ಚಪ್ಪಟೆ ಕಾಯಿ, ಮೇಲೆ ಬಿಳಿ ಗೀರು. ವರ್ಷಾ ವರ್ಷಾ ಬೀಜ ತೆಗೆದಿಟ್ಟು ಉಳಿಸಿಕೊಂಡು ಬಂದದ್ದು. ಅದನ್ನೂ ಬಿಟ್ಟೆ. ಮಗ ಬೀಗ ಹಾಕಿ ಮುಳ್ಳು ಇಟ್ಟ. ತಿರುಗಿ ನೋಡಬಾರದು ಅಂದರು. ನೋಡಲಿಲ್ಲ.

ನನ್ನ ತಂಗಿಯ ಮನೆ ಸೋಸಲೆಯಲ್ಲಿ, ತಿ. ನರಸೀಪುರಕ್ಕೆ ಹತ್ತಿರ. ಅವಳೂ ಗಂಡ ಇಲ್ಲದವಳು, ಮಗ ಸೊಸೆಯ ಜೊತೆ ಇದ್ದಾಳೆ. ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಇನ್ನೊಬ್ಬರ ಒಲೆಯ ಮುಂದೆ ಎಷ್ಟು ಚೆನ್ನಾಗಿ ಕೂರಿಸಿದರೂ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಬೇಕು. ಆರು ತಿಂಗಳು ತಾನೇ ಅಂತ ದಿನ ನೂಕಿದೆ.

ಮೊಮ್ಮಗಳು ಬೆಂಗಳೂರಿಗೆ ಹೋಗಿದ್ದಳು. ಫೋನ್ ಮಾಡುತ್ತಿದ್ದಳು. ನಿನ್ನ ಕಬ್ಬಿಣ ಏನಾಯ್ತೇ ಅಂದರೆ ಮುಂಚೆ ಅರ್ಧ ಗಂಟೆ ಹೇಳುವವಳು ಈಗ "ನಡೀತಿದೆ ಅಜ್ಜಿ" ಅಂತ ಮುಗಿಸುತ್ತಿದ್ದಳು. ಮನೆ ಕಡೆ ಯಾರಾದರೂ ಹೋಗಿದ್ದರಾ ಅಂದರೆ, "ಯಾರೂ ಹೋಗೋ ಹಾಗಿಲ್ಲವಲ್ಲ" ಅನ್ನುತ್ತಿದ್ದಳು. ನಿಜ. ಯಾರೂ ಹೋಗುವ ಹಾಗಿರಲಿಲ್ಲ. ನಾದಿನಿ ಅದೇ ಊರಿನಲ್ಲಿದ್ದರೂ ನಮ್ಮ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಬೀಗಕ್ಕಿಂತ ಆ ಮುಳ್ಳು ಗಟ್ಟಿಯಾಗಿ ಕೆಲಸ ಮಾಡಿತು. ನಮ್ಮವರು ಅಂತ ಇದ್ದವರ ಕಣ್ಣನ್ನೆಲ್ಲ ಬೇರೆ ಕಡೆಗೆ ತಿರುಗಿಸಿಟ್ಟಿತು.

ದಸರಾ ಕಳೆದ ಮೇಲೆ ಒಂದು ದಿನ ತಂಗಿಯ ಜೊತೆ ತಿ. ನರಸೀಪುರಕ್ಕೆ ಹೋಗಿದ್ದೆ, ಕಣ್ಣಿಗೆ ಹಾಕುವ ಔಷಧಿ ತರಲು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬೀದಿಯ ಹಾಲಿನವಳು ಸಿಕ್ಕಿದಳು. ಮಗಳನ್ನು ಆ ಊರಿಗೆ ಕೊಟ್ಟಿದ್ದಾಳೆ.

"ಅಕ್ಕೋ!" ಅಂತ ದೂರದಿಂದಲೇ ಕೂಗಿದಳು. "ತಾರ್ಸಿ ಮೋಲ್ಡ್ ಆಕುದ್ ದಿಸ ಒಬ್ಬಟ್ಟಿನ್ ಊಟ ಆಕ್ಸುದ್ರು, ನೀವೇ ಇರ್ನಿಲ್ವಲ್ಲ!"

"ಯಾವ್ ಮೋಲ್ಡವ್ವ?"

"ಯಾವ್ದು ಅಂತೀರಲ್ಲ, ನಿಮ್ಮನೇದೇ ಕನಕ್ಕ. ಕೆಳಗಿಂದು ಮೋಲ್ಡ್ ಆಗಿ ಮ್ಯಾಕ್ಕೆ ಕಂಬಿ ಕಟ್ತಾವ್ರೆ. ರಾಜ್ರ ಮನೆ ಆಯ್ತದೆ ಬುಡಿ." ನನ್ನ ಮುಖ ನೋಡಿ ಅವಳ ನಗು ನಿಂತಿತು. "ಅಯ್ಯೋ ಸಿವ್ನೆ, ನಾನು ಯೋಳ್ಬಾರ್ದಿತ್ತಾ?"

"ಯೋಳು. ಯೋಳೋರೇ ಇರ್ನಿಲ್ಲ" ಅಂದೆ.

ತಂಗಿ ಬೇಡ ಅಕ್ಕ, ಅವಧಿ ತುಂಬಿಲ್ಲ ಅಂತ ಸೆರಗು ಹಿಡಿದಳು. ಬಿಡಿಸಿಕೊಂಡು ನಂಜನಗೂಡಿನ ಬಸ್ ಹತ್ತಿದೆ.

ಬೇವಿನ ಮರ ಇತ್ತು, ಅದರ ಪಕ್ಕದಲ್ಲಿ ನನ್ನ ಮನೆ ಇರಲಿಲ್ಲ. ಕಾಂಕ್ರೀಟಿನ ಕಂಬ, ಅದರ ಮೇಲೆ ಕಾಂಕ್ರೀಟಿನ ಚಾವಣಿ, ಚಾವಣಿಯ ಮೇಲೆ ಕಬ್ಬಿಣದ ಕಂಬಿಗಳು ಆಕಾಶಕ್ಕೆ ನಿಂತಿದ್ದವು. ಮಗ ಕೆಲಸದವರಿಗೆ ಏನೋ ಕೂಗಿ ಹೇಳುತ್ತಿದ್ದವನು ನನ್ನನ್ನು ನೋಡಿ ಇಳಿದು ಬಂದ.

"ಅವ್ವ, ಬರೋದು ಒಂದ್ ಮಾತ್ ಯೋಳ್ಬಾರ್ದಾ?"

"ನೀನು ಕೆಡವೋದು ಯೋಳ್ದ್ಯಾ?"

"ಕೋಪ ಮಾಡ್ಕಬೇಡ. ಎಲ್ಡ್ ತಿಂಗ್ಳಿಂದೆ ಮಳೇಲಿ ಇಂದ್ಗಡೆ ಗೋಡೆ ಕುಸ್ದೋಯ್ತು. ಪಕ್ಕದೋರ್ ಮ್ಯಾಲ್ ಬಿದ್ರೆ ಕೇಸಾಯ್ತದೆ. ಬ್ಯಾರೆ ದಾರಿ ಇರ್ನಿಲ್ಲ."

ಮರದ ಆಚೆ ನನ್ನ ಮನೆಯ ರಾಶಿ ಬಿದ್ದಿತ್ತು. ಹೆಂಚು, ಇಟ್ಟಿಗೆ, ಮಣ್ಣು ಎಲ್ಲ ಕಲಸಿ ಒಂದು ಗುಡ್ಡೆ. ಅದರ ಮೇಲೆ ಪೂರ್ತಿ ಕುಂಬಳದ ಬಳ್ಳಿ ಹಬ್ಬಿತ್ತು. ಹತ್ತಿರ ಹೋಗಿ ಎಲೆ ಸರಿಸಿದೆ. ಚಪ್ಪಟೆ ಕಾಯಿ, ಬಿಳಿ ಗೀರು. ಅಟ್ಟ ಬಿದ್ದಾಗ ಮಡಕೆ ಒಡೆದಿದೆ, ಬೂದಿ ಚೆಲ್ಲಿದೆ, ಬೀಜ ಮಣ್ಣು ಸೇರಿದೆ, ಮುಂಗಾರಿನ ಮಳೆಗೆ ಮೊಳೆತಿದೆ. ಕಾಯಿಗೆ ಉಗುರು ಒತ್ತಿದೆ, ಇಳಿಯಲಿಲ್ಲ. ತೊಟ್ಟು ಒಣಗಿ ಕಟ್ಟಿಗೆಯಾಗಿತ್ತು. ಬೀಜ ಬಿದ್ದು, ಬಳ್ಳಿ ಹಬ್ಬಿ, ಹೂ ಬಿಟ್ಟು, ಕಾಯಿ ಹೀಗೆ ಬಲಿಯಬೇಕಾದರೆ ಎರಡು ತಿಂಗಳು ಸಾಲುವುದಿಲ್ಲ. ನಾಲ್ಕು ಬೇಕು. ನಾನು ಸೋಸಲೆಗೆ ಹೋಗಿ ಗಂಟು ಬಿಚ್ಚುವ ಹೊತ್ತಿಗೆ ಇಲ್ಲಿ ಜೆಸಿಬಿ ಬಂದು ನಿಂತಿದೆ.

"ಎಲ್ಡ್ ತಿಂಗ್ಳಾ?" ಅಂತ ಕಾಯಿ ಕಿತ್ತು ಅವನ ಎದುರಿಗೆ ಹಿಡಿದೆ. "ಇದು ಎಲ್ಡ್ ತಿಂಗ್ಳ ಕಾಯಾ? ಕಲ್ಲಾಗದೆ. ಈ ಕಾಯ್ ತಿಂದೇ ಬೆಳ್ದೋನು ನೀನು, ನೋಡ್ ಯೋಳು."

ಅವನು ಕಾಯಿ ನೋಡಲಿಲ್ಲ. "ಸರಿ, ಆಯ್ತು. ಮೊದ್ಲೇ ಕೆಡುವ್ದೆ. ನಿಂಗೇನ್ ಕಮ್ಮಿ ಮಾಡಿವ್ನಿ? ಕೆಳಗೆ ನಿಂದೇ ಒಂದ್ ರೂಮು, ಟೈಲ್ಸು, ಅಟ್ಯಾಚ್ ಬಾತ್‌ರೂಮು. ಮತ್ತೆ ಎಲ್ಲಾ ನನ್ ತಲೆ ಮ್ಯಾಲೇ ಆಕ್ಬೇಡ. ನಿನ್ ಮೊಮ್ಮಗ್ಳಿಗೆ ಪ್ಲಾನ್ ತೋರ್ಸಿದ್ದೆ. ಅಪ್ಪ ತೀರ್ಕಂಡ್ ದಿಸ್ವೇ ಅವ್ಳಿಗ್ ಯೋಳ್ದೆ, ಅಜ್ಜೀನ ನೀನು ಒಪ್ಸು, ಎಲ್ಡ್ ವರ್ಸ ನಿನ್ ಮದ್ವೆ ಮಾತೇ ಎತ್ತಕ್ಕಿಲ್ಲ, ಪುಣೆಗೆ ಓಗು ಅಂತ. ಒಪ್ಸುದ್ಲು. ನಾನೇನು ನಿನ್ ಕುತ್ಗೆ ಇಡ್ದು ಕಳ್ಸುದ್ನಾ?"

ಮಗ ಮಾಡಿದ್ದನ್ನು ನಾನು ಮೋಸ ಅಂತ ಕರೆಯುವುದಿಲ್ಲ. ಕೆಡವುತ್ತೇನೆ ಅಂತ ಮುಖದ ಮೇಲೆ ಹೇಳಿಕೊಂಡೇ ಬಂದವನು, ಸಂದು ಸಿಕ್ಕಿತು, ಕೆಡವಿದ. ಅವನಿಂದ ನಾನು ಕಾವಲು ಇಟ್ಟುಕೊಂಡೇ ಇದ್ದೆ. ನನ್ನ ಕಾವಲಿಗೆ ಇದ್ದದ್ದು ಅವಳು. ಆವತ್ತು ಒಗೆಯುವ ಕಲ್ಲಿನ ಹತ್ತಿರ ಅವಳು ಹೊದಿಕೆ ಹಿಂಡುತ್ತಿದ್ದಾಗ, ಮೂರು ಅಂತಸ್ತಿನ ಪ್ಲಾನು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಣ್ಣ ಹಾಕಿದಳು, ಕೆಳಗೆ ಏನೂ ಬರೆಯದೆ.

ಆ ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸೋಸಲೆಗೆ ವಾಪಸು ಬಂದೆ. ಬಸ್ಸಿನಲ್ಲಿ ಅತ್ತೆನಾ ಅಂದರೆ, ಇಲ್ಲ. ಕಾಯಿ ಭಾರ ಇತ್ತು, ಕಾಲು ಜೋಮು ಹಿಡಿಯಿತು.

ಅವಳಿಗೆ ಫೋನ್ ಮಾಡಿ ಬೈಯಲಿಲ್ಲ. ಬಾ ಅಂದೆ ಅಷ್ಟೆ. ಒಂದು ಭಾನುವಾರ ಬಂದಳು. ಸಿಹಿತಿಂಡಿಯ ಪೊಟ್ಟಣ ತಂದಿದ್ದಳು, ಎಲ್ಲ ಬರೆದು ಒಪ್ಪಿಸಿ ಆಯಿತು ಅಂತ. ಮುಖ ನೋಡಿದರೆ ಅವಳ ಅಪ್ಪ ಏನೂ ಹೇಳಿಲ್ಲ ಅಂತ ಗೊತ್ತಾಗುತ್ತಿತ್ತು. ಊಟಕ್ಕೆ ಕೂರಿಸಿದೆ. ಮುದ್ದೆ, ಕುಂಬಳಕಾಯಿ ಹುಳಿ. ಮೊದಲ ತುತ್ತಿಗೇ, "ಅಜ್ಜಿ, ನಮ್ಮನೆ ಕಾಯಿ ಥರಾನೇ ಇದೆ" ಅಂದಳು.

"ನಮ್ಮನೇದೇ. ಬೀಜ ಎಲ್ಲಿತ್ತು ಅಂತ ನಿಂಗೆ ಗೊತ್ತಲ್ಲ?"

"ಅಟ್ಟದ ಮೇಲೆ. ಬೂದಿ ಮಡಕೇಲಿ."

"ಹೂಂ. ಈಗ ರಾಶಿ ಮ್ಯಾಲೆ ಬೆಳ್ದದೆ. ಯಾವಾಗ ಒಡ್ದದ್ದು ಅಂತ ಇಂದಕ್ಕೆ ಲೆಕ್ಕ ಆಕು, ನೋಡಾನ."

ತಂಗಿ ಎದ್ದು ಹಿತ್ತಲಿಗೆ ಹೋದಳು. ಮೊಮ್ಮಗಳ ಕೈ ತಟ್ಟೆಯಲ್ಲೇ ನಿಂತಿತು. ಬುದ್ಧಿವಂತೆ, ಲೆಕ್ಕ ಹಾಕುವುದಕ್ಕೆ ಹೊತ್ತು ಹಿಡಿಯಲಿಲ್ಲ. 

"ಅಪ್ಪ ಗೋಡೆ ಮಾತ್ರ ರಿಪೇರಿ..." ಅಂತ ಶುರು ಮಾಡಿದಳು. ಅಲ್ಲೇ ನಿಲ್ಲಿಸಿದಳು. "ಇಲ್ಲ. ನಂಗೆ ಗೊತ್ತಿತ್ತು."

"ಪ್ಲಾನ್ ನೋಡಿದ್ಯಾ?"

"ನೋಡಿದ್ದೆ."

"ಮತ್ತೆ ಯೋಳು. ಆವತ್ ಕೇಳುದ್ನಲ್ಲ, ಅದನ್ನೇ ಈಗ್ಲೂ ಕೇಳ್ತೀನಿ. ಆ ನಕ್ಷತ್ರದಲ್ಲಿ ಏನಾರ ಅದಾ?"

"ಏನೂ ಇಲ್ಲ ಅಜ್ಜಿ." ತಲೆ ಎತ್ತಲಿಲ್ಲ. "ಧನಿಷ್ಠ ಅನ್ನೋದು ನಾಲ್ಕೈದು ಸಣ್ಣ ನಕ್ಷತ್ರ. ಎಲ್ಲಾ ಬದುಕೇ ಇವೆ. ಎಷ್ಟೋ ದೂರ. ಯಾರ ಮನೆ ವಿಷಯಾನೂ ಅವಕ್ಕೆ ಗೊತ್ತಿಲ್ಲ."

"ಸತ್ತಿರೋ ನಕ್ಷತ್ರದ ಮ್ಯಾಲೆ ಒಂದು ಕಾಳು ಹೆಚ್ಚು ಕಮ್ಮಿ ಆಗ್ಬಾರ್ದು ಅಂತ ಅಷ್ಟು ವರ್ಸ ಕೂತೋಳು ನೀನು. ಬದ್ಕಿರೋದ್ರ ಮ್ಯಾಲೆ ಸುಳ್ ಯೋಳ್ದೆ."

ಅತ್ತಳು. ಪುಣೆಗೆ ಹೋಗದಿದ್ದರೆ ಈ ಕೆಲಸವೇ ಕೈಬಿಟ್ಟು ಹೋಗುತ್ತಿತ್ತು, ಅಪ್ಪ ಗಂಡಿನ ಕಡೆಯವರಿಗೆ ಮಾತು ಕೊಡುವವರಿದ್ದರು, ಆರು ತಿಂಗಳಲ್ಲಿ ನಿಂಗೂ ಒಗ್ಗಿಹೋಗುತ್ತೆ ಅಂದುಕೊಂಡೆ, ಹೀಗೆಲ್ಲ ಅಂದಳು. ಎಲ್ಲವನ್ನೂ ಕೇಳಿದೆ. ಅವಳ ತಲೆ ಸವರಲಿಲ್ಲ. ತಟ್ಟೆಯಲ್ಲಿದ್ದದ್ದು ಆರುತ್ತಿದೆ, ಉಣ್ಣು ಅಂದೆ.

"ಏನ್ ಮಾಡಲಿ ಅಜ್ಜಿ?" ಅಂದಳು.

"ಕಾಲು ಇಡ್ಕಬೇಡ. ನಂಗೆ ಯೋಳುದ್ ನಿಜಾನ ಮುಳ್ ತೆಗ್ಯೋ ದಿಸ ಅಲ್ಲಿ ಬಂದು ಎಲ್ರ ಮುಂದೆ ಯೋಳು."

ಆರು ತಿಂಗಳು ತುಂಬಿದ ದಿನ ಮುಳ್ಳು ತೆಗೆದು, ಬಾಗಿಲು ತೆರೆದು, ಶಾಂತಿ ಮಾಡಿಸಬೇಕು. ತೆಗೆಯಲು ಮುಳ್ಳಿರಲಿಲ್ಲ, ತೆರೆಯಲು ಬಾಗಿಲಿರಲಿಲ್ಲ. ನನ್ನ ಮಗ ಏನು ಮಾಡಿದ್ದ ಅಂದರೆ, ಕೆಳಗಿನ ರೂಮಿಗೆ ಅವಸರದಲ್ಲಿ ಒಂದು ಹೊಸ ಬಾಗಿಲು ಕೂರಿಸಿ, ಬೀಗ ಹಾಕಿ, ಎಲ್ಲಿಂದಲೋ ಹಸಿ ಜಾಲಿಮುಳ್ಳು ತಂದು ಅದರ ಮೇಲೆ ಇಟ್ಟಿದ್ದ. ಶಾಸ್ತ್ರಕ್ಕೆ ತೆಗೆಯಲು ಒಂದು ಮುಳ್ಳು ಬೇಕಲ್ಲ. ಎಲೆ ಇನ್ನೂ ಬಾಡಿರಲಿಲ್ಲ. ಅದನ್ನು ನೋಡಿ ನನಗೆ ನಗು ಬಂತು. ಐನೋರು ಮಾತ್ರ ಆ ಕಡೆ ನೋಡದೆ ಗಂಟಲು ಸರಿಮಾಡಿಕೊಂಡರು.

ನೆಂಟರೆಲ್ಲ ಸೇರಿದ್ದರು. ಐನೋರು ತೀರ್ಥ ಚಿಮುಕಿಸಿ ಆದ ಮೇಲೆ ಮೊಮ್ಮಗಳು ಮುಂದೆ ಬಂದಳು. ಹೇಳುತ್ತಾಳೋ ಇಲ್ಲವೋ ಅಂತ ನನಗೂ ಗೊತ್ತಿರಲಿಲ್ಲ.

"ಒಂದು ಮಾತು ಹೇಳ್ಬೇಕು" ಅಂದಳು. "ಆವತ್ತು ಅಜ್ಜಿ ನನ್ನ ಕೇಳಿದ್ರು, ಧನಿಷ್ಠದಲ್ಲಿ ಏನಾದ್ರೂ ಇದೆಯಾ ಅಂತ. ಇದೆ ಅಂದೆ. ಸುಳ್ಳು ಹೇಳಿದೆ. ಏನೂ ಇಲ್ಲ. ಅಜ್ಜಿ ಹೋದ್ರೆ ಅಪ್ಪ ಮನೆ ಕೆಡವ್ತಾರೆ ಅಂತ ಗೊತ್ತಿದ್ದೇ ಹೇಳಿದೆ."

ಮೊದಲು ನಾದಿನಿಯ ಧ್ವನಿ ಬಂತು, "ಅಂಗಾರೆ ನಾನು ಆರ್ ತಿಂಗ್ಳು ಸುತ್ತಾಕ್ಕಂಡ್ ಮಾರ್ಕೆಟ್ಟಿಗ್ ಓಗಿದ್ದು? ನನ್ ಮಂಡಿ ಸವ್ದದ್ದು ಸುಮ್ಕೇಯಾ?"

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಮಗನ ಮುಖ ಕೆಂಪಗಾಯಿತು. "ಸರಿ ಕನವ್ವ, ನಿಜ ಯೋಳೋ ಮಾರಾಯ್ತಿ," ಅಂದ ಮಗಳಿಗೆ, "ನಾಳೆಯಿಂದ್ಲೇ ಮದ್ವೆ ಮಾತು ಎತ್ತುತೀನಿ."

"ಎತ್ತಪ್ಪ. ನಾನು ಆಗಲ್ಲ ಅಂತ ಇವತ್ತೇ ಹೇಳಿದೀನಿ. ಪುಣೆಗೆ ಹೋಗ್ತೀನಿ."

ಅವನು ಐನೋರ ದಕ್ಷಿಣೆ ಎಣಿಸಲು ತಿರುಗಿದ. ಅಷ್ಟೆ. ಅವಳನ್ನು ಹೆದರಿಸಲು ಅವನ ಕೈಯಲ್ಲಿ ಮತ್ತೇನೂ ಇರಲಿಲ್ಲ. ಅಷ್ಟೇ ಇದ್ದದ್ದು. ಆ ಒಂದು ಮಾತನ್ನು ಅವಳು ಆವತ್ತೇ ಅವನಿಗೆ ಹೇಳಿದ್ದರೆ ನನ್ನ ಅಟ್ಟ ಇರುತ್ತಿತ್ತು, ಮಡಕೆ ಇರುತ್ತಿತ್ತು. ನಿಜ ಹೇಳಿದ್ದಕ್ಕೆ ಅವಳ ಮುಖ ಹಗುರವಾಗಿದ್ದು ಕಂಡೆ. ನನ್ನ ಕಡೆ ನೋಡಿದಳು, ಏನೋ ಕಾಯುವವಳ ಹಾಗೆ. ನಾನು ಊಟಕ್ಕೆ ಎಲೆ ಹಾಕಿದ್ದಾರಾ ನೋಡಿ ಅಂದೆ.

ಟೈಲ್ಸಿನ ರೂಮಿಗೆ ನಾನು ಹೋಗಲಿಲ್ಲ. ಸೋಸಲೆಯಲ್ಲೇ ಇದ್ದೇನೆ. ತಂಗಿಯ ಸೊಸೆ ಉಪ್ಪಿನ ಡಬ್ಬಿಗೆ ನನಗೆ ಕೈಗೆಟುಕುವ ಕಡೆ ಜಾಗ ಮಾಡಿದ್ದಾಳೆ. ಆ ಕಾಯಿಯ ಬೀಜ ಬೂದಿ ಸವರಿ ಇಲ್ಲಿನ ಅಟ್ಟದ ಮೇಲೆ ಇಟ್ಟಿದ್ದೇನೆ.

ಮೊಮ್ಮಗಳು ಪುಣೆಯಿಂದ ಫೋನ್ ಮಾಡುತ್ತಾಳೆ. ಎತ್ತುತ್ತೇನೆ. ಉಂಡೆಯಾ, ಅಲ್ಲಿ ಮಳೆಯಾ, ಕಣ್ಣು ಹೇಗಿದೆ, ಎಲ್ಲ ಮಾತೂ ಆಗುತ್ತದೆ. ಹೊಸ ನಕ್ಷತ್ರವೊಂದನ್ನು ಹಿಡಿದಿದ್ದಾಳಂತೆ, ಅದೂ ಒಡೆದದ್ದೇ. ಹೇಳಲು ಶುರು ಮಾಡುತ್ತಾಳೆ, ನಾನು ಏನಾದರೂ ಕೇಳಲಿ ಅಂತ ಮಧ್ಯೆ ನಿಲ್ಲಿಸುತ್ತಾಳೆ. ಈಗ ಕೇಳಿದರೆ ನಿಜವನ್ನೇ ಹೇಳುತ್ತಾಳೆ, ನನಗೆ ಗೊತ್ತು. ಆದರೆ ನಾನು ಕೇಳುವುದಿಲ್ಲ.